ಎಗ್ಮೋರಿನ ಸೈನಿಕ ಅನಾಥಾಲಯವೂ ನಮ್ಮ ಹೊಣೆಯೂ

ಮದರಾಸಿನ ಎಗ್ಮೋರು ರೈಲ್ವೆ ನಿಲ್ದಾಣದ ಪುನರ್ನಿರ್ಮಾಣಕ್ಕೆ 2022ನೆಯ ಇಸವಿಯ ಮೇ ತಿಂಗಳಿನಲ್ಲಿ ಪ್ರಧಾನಮಂತ್ರಿಗಳು ಶಂಕುಸ್ಥಾಪನೆ ಮಾಡಿದರಷ್ಟೆ. 1908ರಲ್ಲಿ ತೆರೆದ ಆ ಕೆಂಪು ಕಟ್ಟಡವನ್ನು ಕೆಡವದೆ ಉಳಿಸಿಕೊಂಡೇ ಹೊಸ ಕೆಲಸವನ್ನು ನಡೆಸುವುದೆಂದು ರೈಲ್ವೆಯವರು ನಿಶ್ಚಯಿಸಿದುದು ಶ್ಲಾಘನೀಯವಾದ ಸಂಗತಿ. ಅದನ್ನು ಕಟ್ಟಿದ ಗುತ್ತಿಗೆದಾರರಾದ ಸಾಮಿನಾದ ಪಿಳ್ಳೆಯವರು ನಮ್ಮ ಬೆಂಗಳೂರಿನವರೇ ಆದುದರಿಂದ ಆ ಕಟ್ಟಡದ ಕ್ಷೇಮದಲ್ಲಿ ಕನ್ನಡಿಗರಿಗೂ ಒಂದಿಷ್ಟು ಆಸಕ್ತಿಯಿರುವುದು ಸಹಜ. ಆದರೆ ಪುರಾತನ ಕಟ್ಟಡಗಳ ರಕ್ಷಣೆಯ ಕುರಿತು ಇಷ್ಟೆಲ್ಲ ಮಾತು ನಡೆಯುತ್ತಿರುವಾಗ, ಆ ನಿಲ್ದಾಣಕ್ಕಿಂತ ನೂರು ವರ್ಷಕ್ಕೂ ಹಿಂದೆ ಅದೇ ಎಡೆಯಲ್ಲಿದ್ದ ಮತ್ತೊಂದು ಮನೆಯ ಹೆಸರನ್ನು ಎತ್ತುವವರು ವಿರಳ. ಎಗ್ಮೋರಿನ ಕಿರುಕೋಟೆಯಲ್ಲಿ ಕುಂಪಣಿಯವರು ನಡೆಸುತ್ತಿದ್ದ ಸೈನಿಕರ ಅನಾಥ ಬಾಲಕರ ಆಶ್ರಮವೇ ಆ ಮನೆ. ಅದರ ಗೋಡೆಗಳು ಇಂದು ಇಲ್ಲ. ಗೋಡೆಗಳಿಲ್ಲದಿದ್ದರೂ ಉಳಿಸಿಕೊಳ್ಳಬೇಕಾದುದು ಬಹಳವಿದೆಯೆಂದೂ, ಮಡಿದ ಯೋಧರ ಮಕ್ಕಳ ವಿಷಯದಲ್ಲಿ ನಮ್ಮ ಇಂದಿನ ಸರ್ಕಾರವು ತಳೆಯುವ ನಿಲುವಿಗೂ ಆ ಹಳೆಯ ಮನೆಯ ಚರಿತ್ರೆಗೂ ನೇರವಾದ ಸಂಬಂಧವಿದೆಯೆಂದೂ ನಾವು ಭಾವಿಸುತ್ತೇವೆ.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನ ದಂಡಿನಲ್ಲಿದ್ದ ಬಿಳಿಯ ಸೈನಿಕನ ಬಾಳು ಎಂತಹದೆಂಬುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಹೈದರಲಿ ಮತ್ತು ಟಿಪ್ಪುವಿನೊಡನೆ ನಡೆದ ಯುದ್ಧಗಳಲ್ಲಿ ಸತ್ತವರು ಕೆಲವರು. ಜ್ವರಕ್ಕೂ ಸಾರಾಯಿಗೂ ತುತ್ತಾದವರು ಅವರಿಗಿಂತ ಹೆಚ್ಚು. ಅವರು ಬಿಟ್ಟುಹೋದ ಮಕ್ಕಳು ದಂಡಿನ ಪಾಳೆಯಗಳ ಸುತ್ತ ದಿಕ್ಕಿಲ್ಲದೆ ತಿರುಗುವುದನ್ನು ಕಂಡು ಗವರ್ನರ್ ಸರ್ ಆರ್ಚಿಬಾಲ್ಡ್ ಕ್ಯಾಂಬೆಲ್ಲರ ಪತ್ನಿಯವರು ಮುಂದಾಗಿ, 1787ರಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಆಶ್ರಮವನ್ನು ಸ್ಥಾಪಿಸಿದರು. ಗಂಡುಮಕ್ಕಳ ಆಶ್ರಮವು 1789ರಲ್ಲಿ ಎಗ್ಮೋರಿನಲ್ಲಿ ಆರಂಭವಾಯಿತು. ಊರ ಗಣ್ಯರು ಚಂದಾ ಕೊಟ್ಟರು; ಕುಂಪಣಿಯೂ ಸಹಾಯಮಾಡಿತು. ಧರ್ಮಕಾರ್ಯವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ‘ಅನಾಥ’ ಎಂಬ ಮಾತನ್ನು ವಾಚಕರು ಇಲ್ಲಿ ಸ್ವಲ್ಪ ಎಚ್ಚರದಿಂದ ಓದಬೇಕು. ನಮ್ಮ ಭಾಷೆಯಲ್ಲಿ ತಬ್ಬಲಿಯೆಂದೊಡನೆ ಮನಸ್ಸಿಗೆ ಬರುವುದು ತಾಯಿಯಿಲ್ಲದ ಕೂಸು. ಎಗ್ಮೋರಿನ ಮಕ್ಕಳಲ್ಲಿ ಅನೇಕರಿಗೆ ತಾಯಿ ಇದ್ದಳು. ತಂದೆ ಸತ್ತಿದ್ದನು, ಇಲ್ಲವೆ ದಂಡಿನೊಡನೆ ದೂರ ಹೋಗಿದ್ದನು, ಇಲ್ಲವೆ ತನ್ನ ದೇಶಕ್ಕೆ ಹಿಂದಿರುಗಿದ್ದನು. ತಾಯಿ ಈ ದೇಶದವಳು. ತಮಿಳಳೋ, ತೆಲುಗಳೋ, ಯಾವುದೋ ಪಾಳೆಯದ ಸುತ್ತಿನ ಬಡವಳೋ ಆಗಿದ್ದಳು. ಆಶ್ರಮವನ್ನು ಸ್ಥಾಪಿಸಿದವರ ದೃಷ್ಟಿಯಲ್ಲಿ ಆಕೆಯಿದ್ದುದು ಇಲ್ಲದ್ದಕ್ಕೆ ಸಮಾನ. ಅಷ್ಟೇ ಅಲ್ಲ, ಆಕೆಯ ನಡೆನುಡಿಗಳಿಂದ ಮಗುವನ್ನು ಬಿಡಿಸಿ ದೂರವಿರಿಸುವುದೇ ಆಶ್ರಮದ ಉದ್ದೇಶಗಳಲ್ಲೊಂದಾಗಿತ್ತು. ಗಂಡನನ್ನು ಕಳೆದುಕೊಂಡ ಹೆಂಗಸಿನಿಂದ ಮಗನನ್ನೂ ಬೇರ್ಪಡಿಸಿ, ಆ ಮಗನನ್ನು ಅನಾಥನೆಂದು ಪುಸ್ತಕದಲ್ಲಿ ಬರೆದುಕೊಂಡುದನ್ನು ಏನೆಂದು ಕರೆಯಬೇಕು? ಹಸಿದ ಮಗುವಿಗೆ ಅನ್ನ ಸಿಕ್ಕಿತೆಂಬುದು ನಿಜ. ಅನ್ನಕ್ಕೆ ತೆತ್ತ ಬೆಲೆಯನ್ನು ಲೆಕ್ಕದಲ್ಲಿ ಹಿಡಿಯದಿರುವುದು ಮಾತ್ರ ಸರಿಯಲ್ಲ.

ಈ ಆಶ್ರಮದ ಹೆಸರನ್ನು ಲೋಕಪ್ರಸಿದ್ಧವಾಗಿಸಿದವರು ಅದರ ಮೇಲ್ವಿಚಾರಕರಾಗಿ 1789ರಲ್ಲಿ ನೇಮಕವಾದ ಪಾದ್ರಿ ಆಂಡ್ರೂ ಬೆಲ್ ಎಂಬವರು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನಲ್ಲಿ 1753ರಲ್ಲಿ ಹುಟ್ಟಿದ ಇವರು 1787ರಲ್ಲಿ ಮದರಾಸಿಗೆ ಬಂದು, ಹಲವು ದಂಡುಗಳ ಪಾದ್ರಿ ಹುದ್ದೆಗಳನ್ನು ಒಟ್ಟಿಗೆ ಸಂಪಾದಿಸಿಕೊಂಡು ಹಣವನ್ನೂ ಚೆನ್ನಾಗಿ ಕೂಡಿಸಿಕೊಂಡರು. ಆಶ್ರಮದ ಕೆಲಸಕ್ಕೆ ಮಾತ್ರ ಸಂಬಳ ಬೇಡವೆಂದರು; ಆ ಕೆಲಸದಲ್ಲಿ ಅವರಿಗೆ ನಿಜವಾದ ಪ್ರೀತಿಯಿತ್ತು. ಆಗಿನ ಉಪಾಧ್ಯಾಯರು ಮಂದಬುದ್ಧಿಯವರು. ಮಕ್ಕಳಿಗೆ ಅಕ್ಷರ ಕಲಿಸುವುದರಲ್ಲಿಯೇ ತಿಂಗಳುಗಳು ಕಳೆದುಹೋಗುತ್ತಿದ್ದವು. ಹೀಗಿರಲು ಒಂದು ಬೆಳಿಗ್ಗೆ ಬೆಲ್ ಸಾಹೇಬರು ಕುದುರೆಯ ಮೇಲೆ ಹೋಗುತ್ತಿದ್ದಾಗ ನಾಡ ಮಕ್ಕಳ ಒಂದು ಶಾಲೆಯನ್ನು ಕಂಡರು. ಆ ಮಕ್ಕಳು ನೆಲದಲ್ಲಿ ಹರಡಿದ ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳನ್ನು ತಿದ್ದುತ್ತಿದ್ದರು. ಕಾಗದ ಬೇಡ, ಮಸಿ ಬೇಡ. ತಪ್ಪಾದರೆ ಅಂಗೈಯಿಂದ ಸವರಿದರಾಯಿತು. ಸಾಹೇಬರು ಆಶ್ರಮಕ್ಕೆ ಬಂದು ಇದೇ ರೀತಿ ಕಲಿಸಿರೆಂದು ಆಜ್ಞೆಮಾಡಿದರು. ಉಪಾಧ್ಯಾಯನು ಅದು ಆಗದ ಮಾತೆಂದನು. ಆಗ ಅವರು ಜಾನ್ ಫ್ರಿಸ್ಕನ್ ಎಂಬ ಎಂಟು ವರ್ಷದ ಹುಡುಗನನ್ನು, ಒಬ್ಬ ಸಾಮಾನ್ಯ ಸೈನಿಕನ ಮಗನನ್ನು, ಕರೆದು ಆ ಕೆಲಸವನ್ನು ಅವನಿಗೆ ಒಪ್ಪಿಸಿದರು. ದೊಡ್ಡವನಿಂದ ಆಗದುದನ್ನು ಚಿಕ್ಕವನು ಮಾಡಿ ತೋರಿಸಿದನು. ಹನ್ನೆರಡನೆಯ ವರ್ಷ ದಾಟುವ ವೇಳೆಗೆ ಅವನು ತನಗಿಂತ ಚಿಕ್ಕವರಾದ ಕೆಲವು ಸಹಾಯಕರನ್ನು ಇಟ್ಟುಕೊಂಡು 91 ಮಂದಿ ಬಾಲಕರಿಗೆ ಪಾಠ ಹೇಳುತ್ತಿದ್ದನು. ಬಲ್ಲ ಹುಡುಗನು ಅರಿಯದ ಹುಡುಗನಿಗೆ ಕಲಿಸುವ ಈ ಕ್ರಮವನ್ನೇ ಬೆಲ್ ಸಾಹೇಬರು ಸ್ವದೇಶಕ್ಕೆ ಹಿಂದಿರುಗಿ 1797ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ‘ಮದರಾಸ್ ಪದ್ಧತಿ’ಯೆಂದು ಅದಕ್ಕೆ ಹೆಸರಾಯಿತು. 1811ರಲ್ಲಿ ಇಂಗ್ಲೆಂಡಿನ ಚರ್ಚಿನವರು ಬಡಮಕ್ಕಳ ಶಾಲೆಗಳಿಗಾಗಿ ಸ್ಥಾಪಿಸಿದ ರಾಷ್ಟ್ರೀಯ ಸಂಘವು ಇದೇ ಪದ್ಧತಿಯನ್ನು ಕೈಗೊಂಡು ದೇಶದ ಉದ್ದಗಲಕ್ಕೂ ಹರಡಿತು.

ಇಲ್ಲಿ ನಮ್ಮ ದೇಶಾಭಿಮಾನಿಗಳು ಸಾಮಾನ್ಯವಾಗಿ ಒಂದು ಜಯಘೋಷವನ್ನು ಮಾಡಿ ಮುಂದೆ ಹೋಗುತ್ತಾರೆ. ಇಂಗ್ಲೆಂಡಿಗೆ ಓದು ಕಲಿಸಿದವರು ನಾವೆಂಬ ಮಾತು ಸಭೆಗಳಲ್ಲಿ ಚಪ್ಪಾಳೆಗೆ ಒದಗುತ್ತದೆ. ವಿಷಯವು ಅಷ್ಟು ಸರಳವಲ್ಲ. ಮರಳಿನ ಮೇಲೆ ಬರೆಯಿಸುವುದನ್ನು ನಾಡಶಾಲೆಯಿಂದ ಪಡೆದೆನೆಂದು ಬೆಲ್ ಸಾಹೇಬರು ಮುಚ್ಚುಮರೆಯಿಲ್ಲದೆ ಹೇಳಿದರು. ಹುಡುಗರಿಂದ ಹುಡುಗರಿಗೆ ಕಲಿಸುವುದು ಮಾತ್ರ ತಮ್ಮ ಸ್ವಂತ ಶೋಧವೆಂದು ಸಾಧಿಸಿದರು; ಅದರ ಕೀರ್ತಿಗಾಗಿ ಜೋಸೆಫ್ ಲ್ಯಾಂಕಾಸ್ಟರನೊಡನೆ ಅವರ ಪಕ್ಷದವರು ವರ್ಷಗಟ್ಟಲೆ ಕಾದಾಡಿದರು. ಆದರೆ ಈ ಎರಡನೆಯ ಕ್ರಮವೂ ಇಲ್ಲಿ ಹಳೆಯದಾಗಿಯೇ ಇತ್ತೆಂಬುದಕ್ಕೆ ಕನ್ನಡ ನಾಡಿನಿಂದಲೇ ಎರಡು ಸಾಕ್ಷ್ಯಗಳಿವೆ. 1623ರಲ್ಲಿ ಪಿಯೆತ್ರೋ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿಯು ಇಕ್ಕೇರಿಯ ನಾಯಕರ ರಾಜಧಾನಿಗೆ ಬರುತ್ತಿದ್ದಾಗ ದಾರಿಯಲ್ಲಿ ಒಂದು ದೇವಾಲಯದ ಜಗಲಿಯ ಮೇಲೆ ನಾಲ್ವರು ಹುಡುಗರು ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ರಾಗವಾಗಿ ಹೇಳುತ್ತ ಬೆರಳಿನಿಂದ ಬರೆಯುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ಬರೆದಿಟ್ಟಿದ್ದಾನೆ. ಅವರಿಗೆ ಗುರುವಿರಲಿಲ್ಲ, ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು. ಎರಡನೆಯದು ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಬೆಲ್ಲರು 1823ರಲ್ಲಿ ಮದರಾಸು ಸರ್ಕಾರಕ್ಕೆ ಬರೆದ ವರದಿ. ತಮ್ಮ ಜಿಲ್ಲೆಯಲ್ಲಿ 533 ಶಾಲೆಗಳಿರುವುದಾಗಿ ಎಣಿಸಿ ಬರೆದ ಆ ಅಧಿಕಾರಿಯು, ನಾಡಶಾಲೆಗಳಲ್ಲಿ ಕಡಿಮೆ ವೆಚ್ಚದಿಂದ ಬರವಣಿಗೆಯನ್ನು ಕಲಿಸುವ ರೀತಿಯೂ, ಮುಂದುವರಿದ ಹುಡುಗರು ಹಿಂದುಳಿದವರಿಗೆ ಕಲಿಸುವ ಪದ್ಧತಿಯೂ ಪ್ರಶಂಸನೀಯವೆಂದೂ, ಇಂಗ್ಲೆಂಡಿನಲ್ಲಿ ಅದನ್ನು ಅನುಕರಿಸಿದುದು ಯೋಗ್ಯವೆಂದೂ ಒಪ್ಪಿಕೊಂಡಿದ್ದಾರೆ. ಅದೇ ವರದಿಯಲ್ಲಿ, ಜನರು ಬಡವರಾಗುತ್ತ ಬಂದುದರಿಂದ ಆ ಶಾಲೆಗಳು ಕ್ಷೀಣಿಸುತ್ತಿವೆಯೆಂಬುದನ್ನೂ ಅವರು ಮರೆಮಾಡಲಿಲ್ಲ. ಒಂದು ಕಡೆ ಅದೇ ಪದ್ಧತಿಯ ಶಾಲೆಗಳು ಇಂಗ್ಲೆಂಡಿನಲ್ಲಿ ಸಾವಿರಗಟ್ಟಲೆಯಾಗಿ ಏಳುತ್ತಿದ್ದವು. ಮತ್ತೊಂದು ಕಡೆ ಬಳ್ಳಾರಿಯ ಐಗಳ ಮಠಗಳು ಮುಚ್ಚುತ್ತಿದ್ದವು.

ಇನ್ನೊಂದು ಮಾತು. ಇಂಗ್ಲೆಂಡಿಗೆ ಹೋದ ಆ ಪದ್ಧತಿಯು ಅಲ್ಲಿ ಬಡಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೂರಾರು ಮಂದಿಗೆ ಒಬ್ಬನೇ ಉಪಾಧ್ಯಾಯನನ್ನಿಟ್ಟು ಖರ್ಚು ಉಳಿಸುವ ಯಂತ್ರವಾಯಿತು. ಜಗಲಿಯ ಮೇಲೆ ನಾಲ್ಕು ಹುಡುಗರಿಗೆ ಹಿತವಾದುದು ಮಿಲ್ಲಿನಂತಹ ಹಜಾರದಲ್ಲಿ ಹಿತವಾಗಲಿಲ್ಲ. ಅದನ್ನು ನಮ್ಮದೆಂದು ಹೆಮ್ಮೆಪಡುವವರು ಇದನ್ನೂ ನೆನಪಿನಲ್ಲಿಡಬೇಕು.

ಎಗ್ಮೋರಿನ ಬಾಲಕರಲ್ಲೊಬ್ಬನು ನಮ್ಮ ಮೈಸೂರಿಗೂ ಬಂದಿದ್ದನೆಂಬ ಸಂಗತಿ ಅನೇಕ ವಾಚಕರಿಗೆ ಹೊಸದಾಗಿರಬಹುದು. 1792ರ ಶ್ರೀರಂಗಪಟ್ಟಣದ ಒಪ್ಪಂದದ ಪ್ರಕಾರ ಟಿಪ್ಪು ಸುಲ್ತಾನನು ತನ್ನ ಇಬ್ಬರು ಚಿಕ್ಕಮಕ್ಕಳನ್ನು ಒತ್ತೆಯಾಗಿ ಲಾರ್ಡ್ ಕಾರ್ನ್‌ವಾಲಿಸನ ಕೈಗೆ ಒಪ್ಪಿಸಿದುದು ಎಲ್ಲರೂ ಬಲ್ಲ ಕಥೆ. ಆ ರಾಜಕುಮಾರರನ್ನು ಕ್ಯಾಪ್ಟನ್ ಡೋವ್ಟನ್ ಎಂಬವನು 1794ರಲ್ಲಿ ಮದರಾಸಿನಿಂದ ಕರೆತಂದು ದೇವನಹಳ್ಳಿಯಲ್ಲಿ ತಂದೆಗೆ ಒಪ್ಪಿಸಿದನು. ಆ ಪರಿವಾರದಲ್ಲಿ ವಿಲಿಯಂ ಸ್ಮಿತ್ ಎಂಬ ಹದಿಹರೆಯದ ಹುಡುಗನಿದ್ದನು; ಬೆಲ್ ಸಾಹೇಬರ ಶಿಷ್ಯ, ಎಗ್ಮೋರಿನ ಆಶ್ರಮವಾಸಿ. ಮದರಾಸು ಸರ್ಕಾರದವರು ಸುಲ್ತಾನನಿಗೆ ಕಾಣಿಕೆಯಾಗಿ ಕಳುಹಿಸಿದ ಗಣಿತ ಮತ್ತು ಪ್ರಕೃತಿಶಾಸ್ತ್ರದ ಯಂತ್ರೋಪಕರಣಗಳನ್ನು ನಡೆಯಿಸಿ ತೋರಿಸುವ ಕೆಲಸ ಅವನದಾಗಿತ್ತು. ಯಂತ್ರವಿದ್ಯೆಯಲ್ಲಿ ಸ್ವತಃ ಅಪಾರ ಕುತೂಹಲವಿದ್ದ ಟಿಪ್ಪುವಿನ ಮುಂದೆ, ತನ್ನ ತಂದೆಯಂತಹವರು ಅವನೊಡನೆ ಹೋರಾಡಿದ ಸ್ವಲ್ಪ ಕಾಲದಲ್ಲಿಯೇ, ಈ ಹುಡುಗನು ನಿಂತು ಪ್ರಯೋಗಗಳನ್ನು ಮಾಡಿ ತೋರಿಸಿದನು. ದಿಕ್ಕಿಲ್ಲದ ಮಕ್ಕಳಿಗೆ ವಿದ್ಯೆಯನ್ನು ಕೊಟ್ಟರೆ ಅವರು ಎಷ್ಟು ಎತ್ತರಕ್ಕೆ ಏರಬಲ್ಲರೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಇಂತಹ ಹುಡುಗರ ಮುಂದೆ ಕುಂಪಣಿಯವರು ತೆರೆದ ಬಾಗಿಲು ಯಾವುದು? 1791ರಲ್ಲಿ ಲಂಡನ್ನಿನ ಡೈರೆಕ್ಟರುಗಳು ಹೊರಡಿಸಿದ ಆಜ್ಞೆಯಂತೆ, ಹಿಂದೂದೇಶದ ತಾಯಿಗೆ ಹುಟ್ಟಿದ ಯಾವನನ್ನೂ ಕುಂಪಣಿಯ ಸಿವಿಲ್, ಮಿಲಿಟರಿ ಅಥವಾ ನೌಕಾಖಾತೆಯ ಅಧಿಕಾರದ ಹುದ್ದೆಗಳಿಗೆ ತೆಗೆದುಕೊಳ್ಳಕೂಡದು. 1795ರ ಆಜ್ಞೆಯಂತೆ ತಾಯಿತಂದೆ ಇಬ್ಬರೂ ಯೂರೋಪಿನವರಲ್ಲದವನು ದಂಡಿನಲ್ಲಿ ಸೇರಬೇಕಾದರೆ ತಮ್ಮಟೆ ಬಾರಿಸುವವನಾಗಿಯೋ, ಕೊಳಲೂದುವವನಾಗಿಯೋ, ಕುದುರೆಗೆ ಲಾಳ ಹೊಡೆಯುವವನಾಗಿಯೋ ಮಾತ್ರ ಸೇರಬಹುದು. ಕುಂಪಣಿಗಾಗಿ ಪ್ರಾಣಬಿಟ್ಟವನ ಮಗನಿಗೆ ಕುಂಪಣಿಯು ಒಂದು ಕೈಯಿಂದ ಗಂಜಿಯನ್ನಿತ್ತು ಮತ್ತೊಂದು ಕೈಯಿಂದ ಅವನ ಭವಿಷ್ಯವನ್ನು ಕಿತ್ತುಕೊಂಡಿತು. ಬಾಲಕರ ಬುದ್ಧಿ ಕಡಿಮೆಯೆಂಬುದು ಕಾರಣವಲ್ಲ. ಮಿಶ್ರರಕ್ತದ ಮಕ್ಕಳು ಮಂದಮತಿಗಳೆಂಬ ಆಗಿನ ಬಿಳಿಯರ ಮಾತನ್ನು ಬೆಲ್ ಸಾಹೇಬರೇ ತಮ್ಮ ಅನುಭವದಿಂದ ಖಂಡಿಸಿದ್ದರು. ಕಾರಣವಾದುದು ತಾಯಿ.

ಆದರೂ ಅಗ್ಗದ ಕೂಲಿಗೆ ಬುದ್ಧಿವಂತರು ಬೇಕಾದಾಗ ಈ ಮಕ್ಕಳ ನೆನಪು ಸರ್ಕಾರಕ್ಕೆ ಬಾರದಿರಲಿಲ್ಲ. 1794ರಲ್ಲಿ ಮೈಕಲ್ ಟಾಪಿಂಗ್ ಎಂಬ ಖಗೋಳಜ್ಞನು ಮದರಾಸಿನಲ್ಲಿ ಸರ್ವೆ ಶಾಲೆಯೊಂದನ್ನು ತೆರೆದಾಗ, ಅದಕ್ಕೆ ಮೊದಲ ವಿದ್ಯಾರ್ಥಿಗಳಾಗಿ ಎಗ್ಮೋರಿನಿಂದ ಎಂಟು ಮಂದಿ ಬಾಲಕರನ್ನು ಆರಿಸಿಕೊಂಡನು. ಇಂದಿನ ಗಿಂಡಿಯ ಎಂಜಿನಿಯರಿಂಗ್ ಕಾಲೇಜು ತನ್ನ ಮೂಲವನ್ನು ಈ ಶಾಲೆಯಲ್ಲಿ ಕಾಣುತ್ತದೆ. ಟಿಪ್ಪುವಿನ ಪತನಾನಂತರ ಕರ್ನಲ್ ಮೆಕೆಂಜಿಯು ಮೈಸೂರು ಸೀಮೆಯ ಮೋಜಣಿಯನ್ನು ಕೈಗೊಂಡಾಗ ಸರಪಳಿ, ಕೋನಯಂತ್ರಗಳನ್ನು ಹೊತ್ತು ಕಾಡುಮೇಡು ಅಲೆದ ಸಹಾಯಕರಲ್ಲಿ ಈ ಸರ್ವೆ ಶಾಲೆಯಲ್ಲಿ ತರಬೇತಾದ ಹುಡುಗರಿದ್ದರು. ಮೆಕೆಂಜಿಯ ಹೆಸರನ್ನು ನಮ್ಮ ಶಾಸನಸಂಶೋಧಕರು ಕೃತಜ್ಞತೆಯಿಂದ ಸ್ಮರಿಸುತ್ತಾರೆ, ಅದು ಯುಕ್ತವೇ. ಆದರೆ ಮೈಸೂರಿನ ಮೊದಲ ವಿವರವಾದ ನಕ್ಷೆಗಳ ರೇಖೆಗಳಲ್ಲಿ ತಾಯಿಯಿದ್ದೂ ತಬ್ಬಲಿಗಳೆನಿಸಿಕೊಂಡವರ ಕೈಬರಹ ಬೆರೆತಿದೆಯೆಂಬುದನ್ನು ನಮ್ಮ ಇತಿಹಾಸದ ಪಠ್ಯಪುಸ್ತಕಗಳು ಹೇಳುವುದಿಲ್ಲ.

ಅಚ್ಚುಕೂಟದ ಒಡೆಯರಾದ ನಮಗೆ ಈ ಆಶ್ರಮದ ಬಗ್ಗೆ ಮತ್ತೊಂದು ಬಗೆಯ ಗೌರವವೂ ಉಂಟು. ಆಶ್ರಮಕ್ಕೆ ಸೇರಿದ ಮುದ್ರಣಾಲಯವೊಂದಿತ್ತು. ಸರ್ಕಾರದ ಗೆಜೆಟ್ಟೂ, ವರ್ಷಕ್ಕೊಮ್ಮೆ ಹೊರಡುತ್ತಿದ್ದ ಮದರಾಸಿನ ಆಲ್ಮನಾಕೂ ಅಲ್ಲಿ ಅಚ್ಚಾಗುತ್ತಿದ್ದವು; ಮುಂದೆ ‘ಅಸೈಲಂ ಪ್ರೆಸ್’ ಎಂಬ ಹೆಸರು ದಕ್ಷಿಣದೇಶದ ಕಚೇರಿಗಳಲ್ಲೆಲ್ಲ ಮನೆಮಾತಾಯಿತು. ಯಾವ ಅಧಿಕಾರಿ ಎಲ್ಲಿದ್ದಾನೆ, ಯಾವ ವರ್ತಕನ ಅಂಗಡಿ ಯಾವ ಬೀದಿಯಲ್ಲಿದೆ ಎಂಬುದನ್ನೆಲ್ಲ ಆ ಆಲ್ಮನಾಕಿನಲ್ಲಿ ನೋಡಿಕೊಳ್ಳಬಹುದಾಗಿತ್ತು. ಊರಿನ ದೊಡ್ಡವರೆಲ್ಲರ ಹೆಸರುಗಳನ್ನು ಹೀಗೆ ಅಚ್ಚಿನಲ್ಲಿ ಶಾಶ್ವತಗೊಳಿಸಿದ ಆಶ್ರಮದ ಮಕ್ಕಳ ಹೆಸರುಗಳು ಮಾತ್ರ ಬೆರಳೆಣಿಕೆಯಷ್ಟೇ ಲೋಕಕ್ಕೆ ತಿಳಿದಿವೆ.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಬಿಳಿಯ ಸೈನಿಕರ ಮಕ್ಕಳು ಬಯಲುಸೀಮೆಯ ಬಿಸಿಲಿನಲ್ಲಿ ಸಾಯುತ್ತಾರೆ, ಬೆಟ್ಟಗಳ ಮೇಲೆ ಬೆಳೆಸಬೇಕೆಂಬ ಸರ್ ಹೆನ್ರಿ ಲಾರೆನ್ಸರ ಯೋಜನೆಯಂತೆ 1847ರಲ್ಲಿ ಸನಾವರದಲ್ಲಿ ಒಂದು ಆಶ್ರಮ ಹುಟ್ಟಿತು. ಅವರು 1857ರಲ್ಲಿ ಲಖನೌದಲ್ಲಿ ಮಡಿದ ಮೇಲೆ ಅವರ ನೆನಪಿಗಾಗಿ 1858ರಲ್ಲಿ ಉದಕಮಂಡಲದಲ್ಲಿ ಅಂತಹದೇ ಇನ್ನೊಂದು ತೆರೆಯಿತು. ಅದು ಬಳಿಕ ಹತ್ತಿರದ ಲವ್‌ಡೇಲಿಗೆ, ನಮ್ಮ ನುಡಿಗೆ ನೆಂಟರಾದ ಬಡಗರ ನಾಡಿಗೆ, ಹೋಗಿ ಚಿಷೋಲ್ಮನು ರಚಿಸಿದ ಭವ್ಯವಾದ ಕಟ್ಟಡದಲ್ಲಿ ನೆಲೆಸಿತು. 1870ರ ದಶಕದ ಮೊದಲಲ್ಲಿ ಎಗ್ಮೋರಿನ ಬಾಲಕರನ್ನೂ, 1904ರಲ್ಲಿ ಬಾಲಕಿಯರನ್ನೂ ಅಲ್ಲಿಗೆ ಸೇರಿಸಿದರು. ಲಾರೆನ್ಸ್ ಆಶ್ರಮಗಳ ಮೂಲ ನಿಯಮವು ಶುದ್ಧ ಯೂರೋಪಿಯ ಮಾತಾಪಿತೃಗಳ ಮಕ್ಕಳಿಗೆ ಅಗ್ರಸ್ಥಾನವನ್ನು ಕೊಟ್ಟಿತ್ತು. ಅವರಿಗೆ ಬಿಸಿಲು ಹೆಚ್ಚು ಬಾಧಿಸುವುದೆಂಬುದು ಹೇಳಿದ ಕಾರಣ. ಎಗ್ಮೋರಿನಲ್ಲಿ ಹುಟ್ಟಿದ್ದು ಈ ದೇಶದ ತಾಯಂದಿರ ಮಕ್ಕಳಿಗಾಗಿ. ಬೆಟ್ಟವೇರುವ ವೇಳೆಗೆ ಆ ತಾಯಂದಿರ ನೆರಳೂ ಅದರ ಮೇಲೆ ಉಳಿಯಲಿಲ್ಲ. 1949ರಲ್ಲಿ ಲವ್‌ಡೇಲಿನ ಶಾಲೆಯು ರಕ್ಷಣಾ ಇಲಾಖೆಯಿಂದ ವಿದ್ಯಾ ಇಲಾಖೆಗೆ ವರ್ಗವಾಗಿ ಪಬ್ಲಿಕ್ ಸ್ಕೂಲಾಯಿತು. ಇಂದು ಅದು ಸಾಕಷ್ಟು ಹಣವುಳ್ಳ ಮನೆತನಗಳ ಮಕ್ಕಳು ಓದುವ ಕೀರ್ತಿವಂತ ಶಾಲೆ. ಕಟ್ಟಡವು ಸುಸ್ಥಿತಿಯಲ್ಲಿದೆ. ರಕ್ಷಣೆಯೆಂದರೆ ಕಟ್ಟಡದ ರಕ್ಷಣೆಯೆಂದೇ ತಿಳಿದವರಿಗೆ ಇದು ಪೂರ್ಣ ಸಮಾಧಾನವನ್ನು ಕೊಡಬಹುದು.

ಹಾಗಾದರೆ ನಮ್ಮ ಸಿಪಾಯಿಗಳ ಮಕ್ಕಳು? ಪ್ಲಾಸಿಯಿಂದ ಮೊದಲ್ಗೊಂಡು ಕುಂಪಣಿಯ ಯುದ್ಧಗಳಲ್ಲಿ ಬಿಳಿಯರಿಗಿಂತ ಎಷ್ಟೋ ಪಾಲು ಹೆಚ್ಚಾಗಿ ಹೋರಾಡಿದವರೂ ಸತ್ತವರೂ ಇವರೇ. ಇವರ ಮಕ್ಕಳಿಗಾಗಿ ಎಗ್ಮೋರಿರಲಿಲ್ಲ, ಸನಾವರವಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿದ ಹಿಂದೂಸ್ಥಾನದ ಸೈನಿಕರು ಸಮುದ್ರದಾಚೆ ಸೇವೆಮಾಡಿ ಬಂದ ಮೇಲಷ್ಟೇ ಸರ್ಕಾರಕ್ಕೆ ಈ ಕಡೆ ದೃಷ್ಟಿ ಹರಿಯಿತು. 1922ರಲ್ಲಿ ವೇಲ್ಸಿನ ರಾಜಕುಮಾರರು ಅಸ್ತಿಭಾರವನ್ನು ಹಾಕಿದ ಸೈನಿಕ ಬಾಲಕರ ಶಾಲೆಗಳು 1925ರಿಂದ ನಡೆಯತೊಡಗಿದವು. ಎಗ್ಮೋರು ತೆರೆದ 136 ವರ್ಷಗಳ ಮೇಲೆ! ಅವುಗಳ ಪಂಕ್ತಿಯಲ್ಲಿಯೇ 1945ರಲ್ಲಿ ಬೆಳಗಾವಿಯಲ್ಲಿಯೂ 1946ರಲ್ಲಿ ಬೆಂಗಳೂರಿನಲ್ಲಿಯೂ ಶಾಲೆಗಳಾದವು. ರಾಷ್ಟ್ರೀಯ ಮಿಲಿಟರಿ ಶಾಲೆಗಳೆಂದು ಈಗ ಕರೆಯಲ್ಪಡುವ ಐದರಲ್ಲಿ ಎರಡು ಕರ್ನಾಟಕದಲ್ಲಿರುವುದು ನಮಗೆ ಹೆಮ್ಮೆಯ ವಿಷಯ. ಯೋಧರ ಹೆಣ್ಣುಮಕ್ಕಳು ಈ ಶಾಲೆಗಳ ಹೊಸ್ತಿಲನ್ನು ದಾಟಲು 2022ರ ವರೆಗೆ ಕಾಯಬೇಕಾಯಿತು. ಮದರಾಸಿನಲ್ಲಿ 1787ರಷ್ಟು ಹಿಂದೆಯೇ ಮೊದಲು ತೆರೆದುದು ಹೆಣ್ಣುಮಕ್ಕಳ ಆಶ್ರಮವೆಂಬುದನ್ನು ನೆನೆದರೆ ಇದು ವಿಚಿತ್ರವಾಗಿ ಕಾಣುತ್ತದೆ.

ಈಗ ಪ್ರಕೃತಕ್ಕೆ ಬರೋಣ. 1971ರ ಯುದ್ಧದಲ್ಲಿ ಜಯವಾದ ಕೂಡಲೆ ಭಾರತ ಸರ್ಕಾರವು ರಣದಲ್ಲಿ ಮಡಿದ, ಅಂಗವಿಕಲರಾದ ಹಾಗೂ ಕಾಣೆಯಾದ ಯೋಧರ ಮಕ್ಕಳ ವಿದ್ಯಾಭ್ಯಾಸದ ವೆಚ್ಚವನ್ನು ಪೂರ್ಣವಾಗಿ ತಾನೇ ವಹಿಸುವುದಾಗಿ ಘೋಷಿಸಿತು. ಅದು ಉದಾರವಾದ ನಿರ್ಣಯ. ಕುಂಪಣಿಯವರ ಅನಾಥಾಲಯಕ್ಕಿಂತ ಎಷ್ಟೋ ಮೇಲಾದುದು. ಏಕೆಂದರೆ ಅದರಲ್ಲಿ ಮಗುವು ತಾಯಿಯ ಮಡಿಲಿನಲ್ಲಿಯೇ ಇರುತ್ತದೆ. ಶಾಲೆಯ ಹಣ ಮಾತ್ರ ಸರ್ಕಾರದಿಂದ ಬರುತ್ತದೆ. ನಾಲ್ವತ್ತೈದು ವರ್ಷ ಇದು ನಡೆಯಿತು. 2017ರಲ್ಲಿ ರಕ್ಷಣಾ ಇಲಾಖೆಯು ಶುಲ್ಕ ಮತ್ತು ವಸತಿಗೃಹದ ವೆಚ್ಚ ಎರಡೂ ಸೇರಿ ತಿಂಗಳಿಗೆ 10,000 ರೂಪಾಯಿಗಳನ್ನು ಮೀರಕೂಡದೆಂದು ಆಜ್ಞೆ ಹೊರಡಿಸಿತು. ವೇತನ ಆಯೋಗದ ಶಿಫಾರಸುಗಳನ್ನು ಜಾರಿಗೆ ತರುವ ಭರದಲ್ಲಿ ಹೊರಟ ಆಜ್ಞೆಯಿದು. ಇದರಿಂದ ಬಾಧಿತರಾಗುವ ಮಕ್ಕಳು ಸುಮಾರು 3,400 ಎಂದೂ, ಸರ್ಕಾರಕ್ಕೆ ಉಳಿಯುವುದು ವರ್ಷಕ್ಕೆ ಮೂರುನಾಲ್ಕು ಕೋಟಿ ರೂಪಾಯಿಗಳೆಂದೂ ಆಗ ಪತ್ರಿಕೆಗಳಲ್ಲಿ ಪ್ರಕಟವಾಯಿತು. ನೌಕಾಪಡೆಯ ಮುಖ್ಯಸ್ಥರಾದ ಅಡ್ಮಿರಲ್ ಸುನಿಲ್ ಲಾಂಬಾ ಅವರು ಈ ಮಿತಿಯನ್ನು ತೆಗೆಯಬೇಕೆಂದು ರಕ್ಷಣಾ ಮಂತ್ರಿಗಳಿಗೆ ಪತ್ರ ಬರೆದರು. ದೇಶದಲ್ಲೆಲ್ಲ ಅಸಮಾಧಾನ ಎದ್ದಿತು. 2018ರ ಮಾರ್ಚಿಯಲ್ಲಿ ಸರ್ಕಾರವು ಮಿತಿಯನ್ನು ರದ್ದುಗೊಳಿಸಿತು. ಜನಾಭಿಪ್ರಾಯಕ್ಕೆ ಕಿವಿಗೊಟ್ಟುದಕ್ಕಾಗಿ ಸರ್ಕಾರವನ್ನು ಅಭಿನಂದಿಸಲೇಬೇಕು.

ಆದರೂ ಈ ಪ್ರಸಂಗವನ್ನು ಮುಗಿದ ಮಾತೆಂದು ಬಿಟ್ಟುಬಿಡುವುದು ವಿವೇಕವಲ್ಲ. ಯಾವ ಮಂತ್ರಿಯೂ ಮಡಿದವರ ಮಕ್ಕಳಿಗೆ ಕೇಡನ್ನೆಣಿಸಿರಲಾರರು. ಗುಮಾಸ್ತರ ಕೋಣೆಯಲ್ಲಿ ನೂರಾರು ಭತ್ಯೆಗಳನ್ನು ಒಂದೇ ಪಟ್ಟಿಯಲ್ಲಿ ಜೋಡಿಸಿದಾಗ ಇದೂ ಒಂದು ಭತ್ಯೆಯಾಗಿ ಕಂಡಿತು. ಅಪಾಯವಿರುವುದು ಅಲ್ಲಿಯೇ. ಇಲಾಖೆಯ ಒಂದು ಕಾಗದದಿಂದ ಬಂದುದು ಇಲಾಖೆಯ ಇನ್ನೊಂದು ಕಾಗದದಿಂದ ಹೋಗಬಹುದು. ಎಗ್ಮೋರಿನ ಬಾಲಕರಿಗೂ ಆದುದು ಇದೇ. ಆಶ್ರಮವು ದಯೆಯಿಂದ ನಡೆಯುತ್ತಿತ್ತೇ ಹೊರತು ಹಕ್ಕಿನಿಂದಲ್ಲ. ಆದಕಾರಣ ಲಂಡನ್ನಿನಿಂದ ಬಂದ ಒಂದು ಆಜ್ಞೆ ಅವರನ್ನು ಯಂತ್ರಶಾಲೆಯಿಂದ ತಮ್ಮಟೆಯ ಕಡೆಗೆ ತಿರುಗಿಸಬಲ್ಲುದಾಯಿತು. ಅಂದಿನದು ಪರದೇಶದ ವರ್ತಕರ ಸರ್ಕಾರ, ಇಂದಿನದು ನಾವೇ ಆರಿಸಿದ ಸರ್ಕಾರ. ಈ ಅಂತರವನ್ನು ನಾವು ಮರೆತಿಲ್ಲ. ಅಂತರವಿದೆಯೆಂದೇ, ದಯೆಯನ್ನು ಹಕ್ಕಾಗಿ ಮಾಡಿಕೊಡಿರೆಂದು ಕೇಳುವ ಅಧಿಕಾರವೂ ನಮಗಿದೆ. ಮಡಿದ ಯೋಧನ ಮಗುವಿನ ವಿದ್ಯಾಭ್ಯಾಸವು ಪಾರ್ಲಿಮೆಂಟಿನ ಶಾಸನದಿಂದಲೇ ಸ್ಥಿರವಾಗತಕ್ಕದ್ದು.

ಸ್ಕಾಟ್ಲೆಂಡಿನವರು ತಮ್ಮ ಪಾಲಿನ ನೆನಪನ್ನು ಹೇಗೆ ಕಾಪಾಡಿಕೊಂಡರೆಂಬುದನ್ನು ನೋಡಬೇಕು. 1832ರಲ್ಲಿ ತೀರಿಕೊಂಡ ಬೆಲ್ ಸಾಹೇಬರಿಗೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿಯಾಯಿತು. ಅವರು ವಿದ್ಯಾಕಾರ್ಯಕ್ಕಾಗಿ ಬಿಟ್ಟ 1,20,000 ಪೌಂಡುಗಳ ಒಂದು ಭಾಗದಿಂದ ಅವರ ಹುಟ್ಟೂರಿನಲ್ಲಿ 1833ರಲ್ಲಿ ತೆರೆದ ಶಾಲೆಗೆ ‘ಮದರಾಸ್ ಕಾಲೇಜ್’ ಎಂದು ಹೆಸರು. 2021ರಲ್ಲಿ ಶಾಲೆಯು ಹೊಸ ಕಟ್ಟಡಕ್ಕೆ ಹೋದರೂ ಹೆಸರು ಅದೇ ಉಳಿದಿದೆ. ಹಳೆಯ ಕಟ್ಟಡವು ಆ ಊರಿನ ವಿಶ್ವವಿದ್ಯಾನಿಲಯದ ವಶದಲ್ಲಿ ಸುರಕ್ಷಿತವಾಗಿದೆ. ಮದರಾಸಿನ ಹೆಸರು ಚೆನ್ನೈಯೆಂದಾಗಿ ಕಾಲ ಕಳೆಯಿತು. ಸ್ಕಾಟ್ಲೆಂಡಿನ ಹುಡುಗರು ಇನ್ನೂ ಮದರಾಸ್ ಕಾಲೇಜಿಗೆ ಹೋಗುತ್ತಿದ್ದಾರೆ. ಮರಳಿನಲ್ಲಿ ಬರೆಯುವುದನ್ನು ತೋರಿಸಿಕೊಟ್ಟ ಆ ನಾಡಶಾಲೆಯ ಗುರುವಿನ ಹೆಸರಾಗಲಿ ಫ್ರಿಸ್ಕನ್ನನ ಅಂತ್ಯವಾಗಲಿ ಎಲ್ಲಿಯೂ ಕೆತ್ತಲ್ಪಟ್ಟಿಲ್ಲ.

ಎಗ್ಮೋರಿನ ನಿಲ್ದಾಣದ ಎದುರಿಗೇ ತಮಿಳುನಾಡು ಸರ್ಕಾರದ ದಫ್ತರಖಾನೆಯಿರುವುದು ದೈವಯೋಗವೆನ್ನಬೇಕು. ಕುಂಪಣಿಯ ಕಾಲದ ಮದರಾಸಿನ ಕಡತಗಳು ಅಲ್ಲಿವೆ. ಲಂಡನ್ನಿಗೆ ಹೋದ ಪ್ರತಿಗಳು ಬ್ರಿಟಿಷ್ ಗ್ರಂಥಾಲಯದಲ್ಲಿವೆ. ಆಶ್ರಮದ ವ್ಯವಹಾರಕ್ಕೆ ಸಂಬಂಧಿಸಿದ ಕಾಗದಗಳನ್ನು ಈ ರಾಶಿಯಿಂದ ಹೆಕ್ಕಿ ತೆಗೆದು, ಅವುಗಳಲ್ಲಿ ದೊರೆಯುವ ಮಕ್ಕಳ ಹೆಸರುಗಳನ್ನೂ, ಎಲ್ಲಾದರೂ ದೊರೆತರೆ ತಾಯಂದಿರ ಹೆಸರುಗಳನ್ನೂ ಒಂದೆಡೆ ಅಚ್ಚುಹಾಕುವುದು ಅಸಾಧ್ಯವಾದ ಕೆಲಸವೇನಲ್ಲ. ಒಂದು ವಿಶ್ವವಿದ್ಯಾನಿಲಯದ ನಾಲ್ಕು ಮಂದಿ ವಿದ್ಯಾರ್ಥಿಗಳು ಕೆಲವು ವರ್ಷ ಕುಳಿತರೆ ಆಗಬಹುದು. ಮೈಸೂರು ಮೋಜಣಿಯ ಹುಡುಗರ ಭಾಗವನ್ನು ನಮ್ಮ ಮೈಸೂರು ವಿಶ್ವವಿದ್ಯಾನಿಲಯದವರು ವಹಿಸಿಕೊಂಡರೆ ಅದು ಕನ್ನಡಿಗರಿಗೆ ಶೋಭೆ. ಕಾಗದಕ್ಕೆ ಹುಳು ಹಿಡಿಯಲು ಸರ್ಕಾರದ ಅಪ್ಪಣೆ ಬೇಕಿಲ್ಲವೆಂಬುದನ್ನು ಸಂಬಂಧಪಟ್ಟವರು ಮರೆಯಬಾರದು. ರೈಲ್ವೆಯವರು ನವೀಕರಣದ ಸಂದರ್ಭದಲ್ಲಿ ನಿಲ್ದಾಣದ ಒಂದು ಗೋಡೆಯಲ್ಲಿ ಕಲ್ಲೊಂದನ್ನಿಟ್ಟು, ಇಲ್ಲಿ ಇಂತಹ ಮನೆಯಿತ್ತು, ಅದರಲ್ಲಿ ಇಂತಹ ಮಕ್ಕಳು ಬೆಳೆದರು ಎಂದು ಬರೆಯಿಸಲಿ. ಅದಕ್ಕೆ ತಗಲುವ ಖರ್ಚನ್ನು ಹೇಳಲು ಸಹ ನಾಚಿಕೆಯಾಗುತ್ತದೆ. ಲವ್‌ಡೇಲಿನ ಆಡಳಿತದವರು, ತಮ್ಮ ಶಾಲೆಯ ಬೇರುಗಳಲ್ಲೊಂದು ಎಗ್ಮೋರಿನಲ್ಲಿದೆಯೆಂಬುದನ್ನು ನೆನೆದು, ರಣದಲ್ಲಿ ಮಡಿದ ಸಾಮಾನ್ಯ ಜವಾನರ ಮಕ್ಕಳಿಗೆ ಪ್ರತಿವರ್ಷ ಶುಲ್ಕವಿಲ್ಲದ ಸ್ಥಾನಗಳನ್ನು ಮೀಸಲಿರಿಸಲಿ. ಈಗಾಗಲೇ ಏನಾದರೂ ಸೌಕರ್ಯವಿದ್ದರೆ ಅದನ್ನು ವಿಸ್ತರಿಸಲಿ.

ಶಾಸನದ ಮಾತು ಕರ್ನಾಟಕದಿಂದ ಲೋಕಸಭೆಗೆ ಹೋಗಿರುವ 28 ಮಂದಿ ಸದಸ್ಯರಿಗೆ ಸೇರಿದ್ದು. ಬೆಳಗಾವಿಯೂ ಕೊಡಗೂ ಸೈನ್ಯಕ್ಕೆ ಎಷ್ಟು ಮಕ್ಕಳನ್ನು ಕೊಟ್ಟಿವೆಯೆಂಬುದನ್ನು ಅವರಿಗೆ ನಾವು ತಿಳಿಸಬೇಕಾಗಿಲ್ಲ. ಮುಂದಿನ ಅಧಿವೇಶನದಲ್ಲಿ ಪಕ್ಷಭೇದವಿಲ್ಲದೆ ಅವರೆಲ್ಲರೂ ಸೇರಿ ರಕ್ಷಣಾ ಮಂತ್ರಿಗಳನ್ನು ಇಷ್ಟು ಕೇಳಲಿ: 2018ರಲ್ಲಿ ಮಿತಿಯನ್ನು ತೆಗೆದ ಮೇಲೆ ಪ್ರತಿವರ್ಷ ಎಷ್ಟು ಮಕ್ಕಳಿಗೆ ಈ ನೆರವು ತಲಪಿದೆ, ಅರ್ಜಿ ಹಾಕಿದ ವಿಧವೆಗೆ ಹಣ ಸೇರಲು ಎಷ್ಟು ತಿಂಗಳು ಹಿಡಿಯುತ್ತಿದೆ, ಶಾಲೆಯನ್ನು ನಡುವೆ ಬಿಟ್ಟವರೆಷ್ಟು, ಈ ನೆರವನ್ನು ಶಾಸನವಾಗಿ ಮಾಡಲು ಸರ್ಕಾರಕ್ಕೆ ಇರುವ ಅಡ್ಡಿಯೇನು. ಉತ್ತರವು ದೊರೆತ ದಿನ ಅದನ್ನು ಅಕ್ಷರಶಃ ಈ ಪುಟದಲ್ಲಿ ಪ್ರಕಟಿಸುವೆವು.